ಬೀಗವಿಲ್ಲದ ಪ್ರೊಸೆಸರ್

ಅತ್ತೆ, ಪಂಚನಹಳ್ಳಿಯಿಂದ ನಿಮ್ಮ ಸೊಸೆ ಪ್ರಿಯಾಂಕಾಳ ನಮಸ್ಕಾರ.

ಅನಿತಾ, ಕೂಸು ಇಬ್ಬರೂ ಚೆನ್ನಾಗಿದ್ದಾರಷ್ಟೆ? ಮಗಳ ಬಾಣಂತನಕ್ಕೆ ನೀವು ಅಜ್ಜಂಪುರಕ್ಕೆ ಹೋದಮೇಲೆ ದಿನಾ ಫೋನಿನಲ್ಲಿ ಮಾತಾಡುತ್ತೇವೆ, ನಿಜ. ಆದರೆ ಇದನ್ನು ಹೇಳಹೊರಟಾಗಲೆಲ್ಲ ಬೇರೆ ಮಾತಿಗೆ ಹೊರಳಿಬಿಡುತ್ತೇನೆ. ಅದಕ್ಕೇ ಈ ಕಾಗದ.

ಮದುವೆಗೆ ಮುಂಚೆ ಕಲಿತಿದ್ದ ಅನಿಮೇಷನ್ ಕೆಲಸವನ್ನು ಮತ್ತೆ ಹಿಡಿಯುತ್ತೇನೆ ಅಂದಾಗ ನಿಮ್ಮ ಮಗ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಮಕ್ಕಳ ಪಾಠದ ಚಿತ್ರ ಮಾಡುವ ಶಿವಮೊಗ್ಗದವರು ಒಂದು ಮಾದರಿ ಕೇಳಿದ್ದರು. ನನ್ನ ಹಳೆಯ ಲ್ಯಾಪ್‌ಟಾಪಿನಲ್ಲಿ ಬೊಂಬೆ ಒಂದು ಹೆಜ್ಜೆ ಇಡುವಷ್ಟರಲ್ಲಿ ಮಧ್ಯಾಹ್ನವಾಗುತ್ತಿತ್ತು. ಹೊಸ ಕಂಪ್ಯೂಟರ್ ಕೊಳ್ಳಲು ನನ್ನನ್ನು ಕಡೂರಿನ ಬಸ್ಸು ಹತ್ತಿಸಿ ಜೊತೆಗೆ ಬಂದವರು ನೀವು.

ಅಲ್ಲಿನ ಕಂಪ್ಯೂಟರ್ ಅಂಗಡಿಯ ಮೃತ್ಯುಂಜಯ ಎರಡು ಪ್ರೊಸೆಸರ್ ಮುಂದಿಟ್ಟರು. ದುಬಾರಿಯದು ಚುರುಕು, ಆದರೆ ಅದರ ವೇಗಕ್ಕೆ ಕಂಪನಿಯವರೇ ಬೀಗ ಹಾಕಿದ್ದರು. ಅಗ್ಗದ್ದು ನಿಧಾನ, ಆದರೆ ಬೀಗವಿಲ್ಲ, ಓವರ್‌ಕ್ಲಾಕ್ ಮಾಡಿ ಗೊತ್ತುಪಡಿಸಿದ ವೇಗಕ್ಕಿಂತ ಹೆಚ್ಚು ಓಡಿಸಬಹುದು. ಎಷ್ಟು ಓಡೀತೆಂದು ಯಾರೂ ಮೊದಲೇ ಹೇಳಲಾರರು, ಓಡಿಸಲು ಹೋಗಿ ಕೆಟ್ಟರೆ ವಾರಂಟಿಯೂ ಸಿಗದು. ನಾನು ಹೆದರಿ ದುಬಾರಿಯದಕ್ಕೆ ಕೈಚಾಚಿದೆ. ಅದನ್ನು ಕೊಂಡರೆ ಅದನ್ನು ಕೂರಿಸುವ ಒಳ್ಳೆಯ ಬೋರ್ಡಿಗೂ ತಂಪಾಗಿಡುವ ಕೂಲರಿಗೂ ದುಡ್ಡೇ ಉಳಿಯುತ್ತಿರಲಿಲ್ಲ.

"ಓಡ್ಸೋಳು ನೀನು ಕಣೇ. ನಿಂಗೆ ಓಡ್ಸಕ್ಕೆ ಬರುತ್ತೋ ಇಲ್ವೋ, ಅಷ್ಟು ಹೇಳು," ಅಂದಿರಿ.

ಬರುತ್ತೆ ಅಂದೆ. ಆ ಮಾತನ್ನು ನಾನು ಆಡಿ ವರ್ಷಗಳೇ ಆಗಿದ್ದವು ಅತ್ತೆ.

ಬೀಗವಿಲ್ಲದ್ದನ್ನೇ ಕೊಂಡು ತಂದೆವು. ನೀವು ಅಜ್ಜಂಪುರಕ್ಕೆ ಹೋದ ವಾರವೇ ಅದು ಕೈಕೊಟ್ಟಿತು. ವೇಗ ಏರಿಸಿದರೆ ಸಾಕು, ಪರದೆ ಕಪ್ಪಾಗುತ್ತಿತ್ತು. ಅದರ ಮೇಲೆ ನಮ್ಮೂರ ಬಿಸಿಲು, ಪ್ರೊಸೆಸರ್ ಕಾದು ಕೆಂಡ. ದಡ್ಡತನ ಮಾಡಿದೆನೆಂದು ಒಲೆಯ ಮುಂದೆ ಕೂತು ಕಣ್ಣೀರು ಹಾಕಿದೆ. ಅದನ್ನು ನೋಡಿದ ನಿಮ್ಮ ಮಗ ಕಂಪ್ಯೂಟರನ್ನು ಎತ್ತಿ, ನಡುಮನೆಯಲ್ಲಿ ನೀವು ಮಲಗುವ ತಂಪು ಮೂಲೆಗೆ ಸಾಗಿಸಿದರು. "ಇನ್ನೊಂದ್ಸಲ ನೋಡು," ಅಂದರು. ಅಷ್ಟೇ. ನಾನು ವೇಗವನ್ನು ಚೂರುಚೂರೇ ಇಳಿಸುತ್ತ, ಪ್ರತಿ ಸಲವೂ ಭಾರದ ಕೆಲಸ ಕೊಟ್ಟು ನೋಡುತ್ತ ಹೋದೆ. ಕೊನೆಗೆ ಒಂದು ಹದದಲ್ಲಿ ಅಲ್ಲಾಡದೆ ಓಡತೊಡಗಿತು. ದುಬಾರಿಯದರಷ್ಟಲ್ಲ, ಅದರ ಹತ್ತಿರ ಹತ್ತಿರ.

ಬೀಜ ಮೊಳೆಯುವ ಪಾಠ ಮಾಡಿ ಕಳಿಸಿದೆ. ನಿನ್ನೆ ಶಿವಮೊಗ್ಗದಿಂದ ಉತ್ತರ ಬಂತು: ಒಪ್ಪಿಗೆ, ಇನ್ನು ಮುಂದೆಯೂ ಕೆಲಸ ಕೊಡುತ್ತಾರಂತೆ. ಮುಂದಿನ ಪಾಠದಲ್ಲಿ ಅಜ್ಜಿಯೊಬ್ಬಳು ಮೊಮ್ಮಕ್ಕಳಿಗೆ ನಕ್ಷತ್ರ ತೋರಿಸುತ್ತಾಳೆ. ಮಾತು ನಮ್ಮ ಕಡೆಯದೇ ಇರಬೇಕಂತೆ. ದನಿ ಕೊಡುವವರು ಯಾರು ಅಂತ ಕೇಳಿದರು. ನಿಮ್ಮನ್ನು ಕೇಳದೆ, ತಿಮ್ಮಕ್ಕ ಅಂತ ನಿಮ್ಮ ಹೆಸರು ಬರೆದುಬಿಟ್ಟಿದ್ದೇನೆ.

ನಾಮಕರಣ ಮುಗಿಸಿಕೊಂಡು ಬನ್ನಿ. ಬೀರೂರು ಸ್ಟೇಷನ್ನಿಗೆ ನಾನೇ ಬರುತ್ತೇನೆ. ಕೂಸಿಗೆ ಈ ಅತ್ತೆಯ ಮುತ್ತು. ಅದು ನೂರು ಕಾಲ ಬಾಳಲಿ.

ನಿಮ್ಮ ದಾರಿ ನೋಡುತ್ತಿರುವ,
ಪ್ರಿಯಾಂಕಾ