ಮೇಲಿನ ಎಂಟು ಸಾಲು

ಕ್ಯಾಂಟನ್, ಮಿಷಿಗನ್
ಗುರುವಾರ, ಅಕ್ಟೋಬರ್ 9, 2025

ಪ್ರೀತಿಯ ಗುರುದೇವಿ ಅಕ್ಕನಿಗೆ,

ಮೈತ್ರೇಯಿಯ ನಮಸ್ಕಾರ. ಭಾನುವಾರದಿಂದ ನಾಲ್ಕು ಸಲ ಫೋನ್ ಮಾಡಿದಿರಿ, ನಾನು ಎತ್ತಲಿಲ್ಲ. ಬೈಯಿರಿ, ಕೇಳಿಸಿಕೊಳ್ಳುತ್ತೇನೆ. ನಿಮ್ಮ ದನಿ ಕೇಳಿದರೆ ಅರ್ಧ ಹೇಳಿ ಅರ್ಧ ನುಂಗಿಬಿಡುತ್ತೇನೆ ಅನ್ನಿಸಿ ಕಾಗದ ಹಿಡಿದೆ. ಡೌನರ್ಸ್ ಗ್ರೋವ್‌ನ ನಿಮ್ಮ ಅಂಚೆಡಬ್ಬಿಗೆ ಜಾಹೀರಾತು ಬಿಟ್ಟು ಬೇರೇನಾದರೂ ಬಂದು ಎಷ್ಟು ವರ್ಷವಾಯಿತೋ! ಗಾಬರಿಯಾಗಬೇಡಿ, ನಿಮ್ಮ ಜೈ ಚೆನ್ನಾಗಿದ್ದಾನೆ. ನಿನ್ನೆ ಸಂಜೆ ನಮ್ಮ ಇಂಚರಳ ಜೊತೆ ಕಾಲೇಜಿನಿಂದ ಮನೆಗೆ ಬಂದು ಮೂರು ಅಕ್ಕಿರೊಟ್ಟಿ ತಿಂದು ಹೋದ. "ಹುಡುಗನ್ನ ನಿನ್ನ ಉಡಿಯೊಳಗ ಹಾಕೀನಿ, ನೋಡ್ಕೋ ಮತ್ತ" ಅಂತ ಅವನನ್ನು ಕಾಲೇಜಿಗೆ ಸೇರಿಸಿದ ದಿನ ಹೇಳಿದ್ದಿರಲ್ಲ, ಅದನ್ನು ಮರೆತಿಲ್ಲ. ಗಾಬರಿಯಾಗಿರುವುದು ನನಗೆ.

ಮಕ್ಕಳ ಕಾಲೇಜಿನ ಫುಟ್‌ಬಾಲ್ ಸ್ಟೇಡಿಯಂ ನಿಮಗೆ ಫೋಟೋದಲ್ಲಿ ಗೊತ್ತು. ನನಗೆ ನಕ್ಷೆಯಲ್ಲಿ ಗೊತ್ತಿತ್ತು. ಅದರ ವಿಸ್ತರಣೆಯ ಕೆಲಸ ನಮ್ಮ ಆಫೀಸಿಗೆ ಬಂದಾಗ ಹಳೆಯ ನಕ್ಷೆಗಳ ಪೆಟ್ಟಿಗೆಯನ್ನು ನನ್ನ ಮೇಜಿಗೇ ತಂದಿಟ್ಟರು. 1926ರಲ್ಲಿ ತಗ್ಗು ಹೊಲವೊಂದನ್ನು ಇನ್ನಷ್ಟು ಅಗೆದು, ತೆಗೆದ ಮಣ್ಣನ್ನೇ ಸುತ್ತ ಏರಿ ಹಾಕಿ, ಮೇಲೆ ಹಲಗೆ ಹಾಸಿ ಹದಿನೆಂಟು ಸಾವಿರ ಜನರನ್ನು ಕೂರಿಸಿದ್ದರು. ಮಹಾಯುದ್ಧ ಮುಗಿದು ಸೈನಿಕರೆಲ್ಲ ಓದಲು ಬಂದಾಗ ಹಲಗೆ ಹೋಗಿ ಕಾಂಕ್ರೀಟ್ ಬಂತು. 1967ರಲ್ಲಿ ಪೂರ್ವಕ್ಕೆ ಕಂಬಗಳ ಮೇಲೆ ಇನ್ನೊಂದು ಅಂತಸ್ತು. ಈ ಬೇಸಿಗೆಯಲ್ಲಿ ಆ ಅಂತಸ್ತಿನ ನೆತ್ತಿಗೆ ಎಂಟು ಹೊಸ ಸಾಲು, ಹಿಂದಕ್ಕೆ ಚಾಚಿಕೊಂಡು. ತೊಲೆ ಎಷ್ಟು ದಪ್ಪ ಇರಬೇಕು, ಎಷ್ಟು ಭಾರ ಹೊರುತ್ತದೆ, ಆ ಎಂಟು ಸಾಲಿನ ಲೆಕ್ಕವೆಲ್ಲ ನನ್ನದು.

ಅದರಲ್ಲಿ ಒಂದು ಪ್ರಶ್ನೆಯಿತ್ತು. ಇಲ್ಲಿ ಜನ ಒಟ್ಟಾಗಿ ತಾಳಕ್ಕೆ ಕುಣಿಯುತ್ತಾರೆಯೇ? ಕುಣಿಯುವುದಾದರೆ ಓಲಾಟದ ಪರೀಕ್ಷೆ ಬೇರೆ ಮಾಡಬೇಕು. ನಾನು "ಇಲ್ಲ, ಕೂತು ನೋಡುವವರು" ಎಂದು ಬರೆದೆ. ಇಲ್ಲಿಗೆ ಬಂದ ಹದಿನಾಲ್ಕು ವರ್ಷದಲ್ಲಿ ಒಂದು ಮ್ಯಾಚನ್ನೂ ನೋಡಿದವಳಲ್ಲ ನಾನು! ಮ್ಯಾಚ್ ಇದ್ದ ಶನಿವಾರ ನಾವು ಕನ್ನಡದವರು ಏನು ಮಾಡುತ್ತೇವೆ ಹೇಳಿ. ರಸ್ತೆ ಖಾಲಿ ಅಂತ ಇಂಡಿಯನ್ ಸ್ಟೋರಿಗೆ ಓಡುತ್ತೇವೆ. ಮಕ್ಕಳ ಕನ್ನಡ ಕ್ಲಾಸನ್ನೂ ಅದೇ ಹೊತ್ತಿಗೆ ಇಟ್ಟುಕೊಂಡಿದ್ದೆವು. ಹೋದ ವರ್ಷ ನೀವು ಬಂದಾಗಲೂ ಆ ಹೊತ್ತಿನಲ್ಲೇ ನಿಧಾನವಾಗಿ ನುಗ್ಗೆಕಾಯಿ ಆರಿಸಿದ್ದೆವಲ್ಲ. ಸೀಟಿಗೆ ನಂಬರ್ ಇದ್ದ ಮೇಲೆ ಕೂರುತ್ತಾರೆ ಅಂದುಕೊಂಡೆ. ಬಾಸ್ ನನ್ನನ್ನು ನಂಬಿ ಸಹಿ ಹಾಕಿದರು.

ಕಳೆದ ಶನಿವಾರ ಪೋಷಕರ ದಿನ. "ಅಮ್ಮಾ, ಜಸ್ಟ್ ಒನ್ಸ್, ಪ್ಲೀಸ್" ಎಂದು ಇಂಚರ ಗೋಗರೆದಳು. ನನ್ನನ್ನೂ ನಮ್ಮವರನ್ನೂ ಕೆಳಗಿನ ಸಾಲಿನಲ್ಲಿ ಕೂರಿಸಿ, ಅವಳೂ ಜೈಯೂ ಎದುರಿನ ಮೇಲಂತಸ್ತಿಗೆ ಹತ್ತಿದರು. ವಿದ್ಯಾರ್ಥಿಗಳಿಗೆ ಕೊಟ್ಟಿರುವುದು ಅದೇ ಎಂಟು ಸಾಲು. ಮೂರನೆಯ ಕ್ವಾರ್ಟರ್ ಮುಗಿದಾಗ ಬ್ಯಾಂಡಿನವರು ಒಂದು ಹಾಡು ಶುರು ಮಾಡಿದರು ನೋಡಿ, ಅಷ್ಟೂ ಮಕ್ಕಳು ಎದ್ದು ನಿಂತು, ಹೆಗಲ ಮೇಲೆ ಕೈ ಹಾಕಿಕೊಂಡು, ಒಂದೇ ತಾಳಕ್ಕೆ ನೆಗೆಯತೊಡಗಿದರು. ಅಯ್ಯೋ ದೇವರೇ! ಬಾವುಟದ ಕಂಬ ನೆಟ್ಟಗೆ ನಿಂತಿತ್ತು, ಅದರ ಹಿಂದೆ ಅಂತಸ್ತಿನ ಅಂಚು ಮೇಲಕ್ಕೂ ಕೆಳಕ್ಕೂ ಆಡುತ್ತಿತ್ತು. ನಾಲ್ಕು ಬೆರಳಷ್ಟು, ಅಕ್ಕ. ಮಕ್ಕಳು ಹತ್ತಿ ಕುಣಿಯುವ ಮಂಚದ ಹಾಗೆ. ಸುತ್ತಲಿದ್ದವರು ಚಪ್ಪಾಳೆ ತಟ್ಟುತ್ತಿದ್ದರು, ಪಕ್ಕದಲ್ಲಿ ನಮ್ಮವರು, ಮಂಜೇಶ್, ವಿಡಿಯೋ ಮಾಡುತ್ತಿದ್ದರು. ನನಗೆ ಎದೆ ಹಿಡಿದುಕೊಂಡಿತು. ಇಂಚರಳಿಗೆ ಫೋನ್ ಮಾಡಿದೆ, ಓಡೋಡಿ ಇಳಿದು ಬಂದಳು. ಅಷ್ಟರಲ್ಲಿ ಹಾಡು ನಿಂತಿತು. ಏನೂ ಆಗಲಿಲ್ಲ.

ಕಾರಿನಲ್ಲಿ ಹೇಳಿದಾಗ ಮಂಜೇಶ್ ಬಿಳಿಚಿಕೊಂಡರು. "ಏನೂ ಆಗಿಲ್ವಲ್ಲ, ಸುಮ್ನಿರು. ಗ್ರೀನ್ ಕಾರ್ಡ್ ಇನ್ನೂ ಕ್ಯೂನಲ್ಲಿದೆ. ಕೆಲಸ ಹೋದ್ರೆ ಅರವತ್ತು ದಿನದಲ್ಲಿ ಗಂಟುಮೂಟೆ ಕಟ್ಬೇಕು, ಇಂಚರನ ಓದಿಗೆ ಏನ್ ಮಾಡ್ತೀಯ?" ಅಂದರು. ಅವರದೂ ಭಯವೇ, ತಪ್ಪು ತಿಳಿಯಬೇಡಿ. ಎರಡು ದಿನ ನಾನೂ ಬಾಯಿ ಬಿಡಲಿಲ್ಲ. ಮಂಗಳವಾರ ಆಫೀಸಿನಲ್ಲಿ ಬಾಗಿಲು ಹಾಕಿಕೊಂಡು ಹೊಸದಾಗಿ ಲೆಕ್ಕ ಮಾಡಿದೆ. ಆ ಅಂತಸ್ತು ತಾನಾಗಿ ಓಲಾಡುವ ತಾಳವೂ ಮಕ್ಕಳ ನೆಗೆತದ ತಾಳವೂ ಒಂದೇ ಬಂತು. ಹಾಗಾದರೆ ಒಂದೊಂದು ನೆಗೆತಕ್ಕೂ ಓಲಾಟ ಏರುತ್ತಲೇ ಹೋಗುತ್ತದೆ, ತೊಲೆ ಮುರಿಯಲೂಬಹುದು. ಈ ಶನಿವಾರ ಮತ್ತೆ ಮ್ಯಾಚು.

ನಿನ್ನೆ ಬೆಳಿಗ್ಗೆ ಬಾಸ್ ಎದುರು ಹೋಗಿ ಹಾಳೆ ಇಟ್ಟೆ. ಓದಿ, ಕನ್ನಡಕ ತೆಗೆದು, "ಆರ್ ಯು ಶ್ಯೂರ್?" ಅಂದರು. ಶ್ಯೂರ್ ಅಂದೆ. ಅಲ್ಲಿಂದಲೇ ಕಾಲೇಜಿಗೆ ಫೋನ್ ಮಾಡಿದರು. ಮಧ್ಯಾಹ್ನದ ಹೊತ್ತಿಗೆ ಮೇಲಂತಸ್ತನ್ನು ಮುಚ್ಚಿದರಂತೆ, ಸರಿಪಡಿಸುವವರೆಗೆ ಯಾರನ್ನೂ ಬಿಡುವುದಿಲ್ಲ. ನನ್ನನ್ನು ಮನೆಗೆ ಕಳಿಸಿದ್ದಾರೆ. ಕೆಲಸ ಉಂಟೋ ಇಲ್ಲವೋ ಸೋಮವಾರ ತಿಳಿಯುತ್ತದೆ. ಇಷ್ಟಾದ ಮೇಲಾದರೂ ಭಯ ಹೋಗಬೇಕಿತ್ತಲ್ಲ, ಹೋಗಿಲ್ಲ. ಕಣ್ಣು ಮುಚ್ಚಿದರೆ ಆ ಅಂಚು ಆಡುತ್ತದೆ.

ಮನೆಯವರಿಗೆ ನನ್ನ ನಮಸ್ಕಾರ ತಿಳಿಸಿ. ಜೈಗೆ ದೇವರು ನೂರು ವರ್ಷ ಆಯುಸ್ಸು ಕೊಡಲಿ.

ನಿಮ್ಮ ಬೈಗುಳಕ್ಕೆ ಕಾದಿರುವ
ಮೈತ್ರೇಯಿ

ಮತ್ತೆ: ಲಕೋಟೆ ಅಂಟಿಸಿದವಳು ಬಿಚ್ಚಿದ್ದೇನೆ. ನನಗೆ ಎದೆನೋವು ಬಂದಿರಲಿಲ್ಲ, ಅಕ್ಕ. ಹಾಗೆಂದರೆ ಇಂಚರ ಎದುರು ಮಾತಾಡದೆ ಇಳಿದು ಬರುತ್ತಾಳೆ ಅಂತ ಸುಳ್ಳು ಹೇಳಿದೆ. "ಶುಡ್ ಜೈ ಕಮ್ ಟೂ?" ಎಂದು ಅವಳು ಕೇಳಿದಳು. ಅವನು ಹೊರಟರೆ ಗೆಳೆಯರೂ ಏಳುತ್ತಾರೆ, ಯಾಕೆ ಅಂತ ಕೇಳುತ್ತಾರೆ, ನನ್ನ ತಪ್ಪು ಅಲ್ಲೇ ಹೊರಬೀಳುತ್ತದೆ ಅನ್ನಿಸಿತು. "ಬೇಡ, ಅವನು ಮ್ಯಾಚ್ ನೋಡ್ಲಿ, ನೀನೊಬ್ಳೇ ಬಾ" ಅಂದೆ. ಆಗ ಹಾಡು ಇನ್ನೂ ನಿಂತಿರಲಿಲ್ಲ. ನಿನ್ನೆ ಅವನು ಬಾಗಿಲಲ್ಲಿ ಶೂ ಬಿಚ್ಚುವ ಮೊದಲೇ ಕೇಳಿದ, "ಆಂಟಿ, ಈಸ್ ಯುವರ್ ಚೆಸ್ಟ್ ಓಕೆ ನೌ?"