ಚಿತ್ರದ ಹಿಂಬದಿಯ ಅರಿಶಿನ ಕುಂಕುಮ

ಹೊಸ ತಿಪ್ಪಸಂದ್ರ
೧೬ ಜೂನ್ ೨೦೨೫

ಚಿನ್ಮಯಿ ಅಕ್ಕನಿಗೆ ತಮ್ಮನ ನಮಸ್ಕಾರ.

ಲಾಯರ್ ನೋಟಿಸ್ ಬಿಟ್ಟರೆ ನನ್ನಿಂದ ನಿನಗೆ ಬೇರೇನೂ ಬಾರದೆ ಎರಡು ವರ್ಷವಾಯಿತು. ಹರಿದು ಹಾಕಬೇಡ, ಇದನ್ನು ನಾನೇ ಬರೆದಿದ್ದೇನೆ. ಅಕ್ಷರ ಈಗಲೂ ಅದೇ ಕಾಗೆ ಕಾಲು ಗುಬ್ಬಿ ಕಾಲು.

ನಿನ್ನೆ ಅಪ್ಪ ಬರೆದ ಹನ್ನೊಂದು ಚಿತ್ರಗಳಿಗೆ ಬೆಲೆ ಕಟ್ಟಲು ಕೋರ್ಟು ನೇಮಿಸಿದ ಅಹ್ಮದ್ ಪಾಷಾ ಮನೆಗೆ ಬಂದಿದ್ದರು. ಶಿವಾಜಿನಗರದವರು, ಹಳೆಯ ಚಿತ್ರಗಳ ವ್ಯಾಪಾರದಲ್ಲೇ ತಲೆ ನೆರೆದವರು. ಟೇಪು ಹಿಡಿದು ಅಳೆದರು, ಸಹಿ ಹುಡುಕಿದರು, ಹೋದ ವರ್ಷದ ಪ್ರದರ್ಶನದಲ್ಲಿ ಅಪ್ಪನ ಬೇರೆ ಚಿತ್ರಗಳು ಎಷ್ಟಕ್ಕೆ ಹೋದವು ಎಂದು ಕೇಳಿದರು. ಅಪ್ಪ ತೀರಿಕೊಂಡ ದಿನದ ಬೆಲೆಯೋ ಇವತ್ತಿನದೋ ಎಂಬುದನ್ನು ಜಡ್ಜ್ ಹೇಳಬೇಕಂತೆ. ಹಲಸೂರು ಕೆರೆಯ ಚಿತ್ರದ ಮುಂದೆ ಮಾತ್ರ ಬಹಳ ಹೊತ್ತು ನಿಂತರು. ನನಗೆ ಹೆಮ್ಮೆಯಾಯಿತು, ಸುಳ್ಳು ಯಾಕೆ ಹೇಳಲಿ.

ಆಮೇಲೆ ಒಂದೊಂದನ್ನೇ ಫ್ರೇಮಿನಿಂದ ಬಿಚ್ಚಿದರು. "ಎಲ್ಲದ್ರ ಹಿಂದೇನೂ ಮೂಲೇಲಿ ಕೊಳೆ ಅದೆ ಸಾರ್, ರೇಟ್ ಇಳೀತದೆ" ಅಂದರು. ಬಗ್ಗಿ ನೋಡಿದೆ. ಅರಿಶಿನ, ಅದರ ಮೇಲೆ ಕುಂಕುಮ, ಅಪ್ಪನ ಹೆಬ್ಬೆರಳಿನಷ್ಟು ಅಗಲ.

ಅಮ್ಮ ಹೋದ ಮೇಲೆ ಗೌರಿ ಹಬ್ಬದ ಬಾಗಿನವನ್ನು ಅಪ್ಪನೇ ಕೊಡುತ್ತಿದ್ದರಲ್ಲ. ಹೊಸ ಸೀರೆಯ ಅಂಚಿಗೆ ಹಚ್ಚುವ ಹಾಗೆ ಮೊರದ ಮೇಲಿಟ್ಟ ಚಿತ್ರಕ್ಕೂ ಹಚ್ಚಿ ನಿನ್ನ ಕೈಗಿಡುತ್ತಿದ್ದರು. ಹನ್ನೊಂದು ಹಬ್ಬ, ಹನ್ನೊಂದು ಚಿತ್ರ. ಕೆ.ಆರ್. ಪುರದ ನಿನ್ನ ಬಾಡಿಗೆ ಮನೆಯ ಗೋಡೆ ತೇವ ಎಂದು ನೀನು ಅವನ್ನು ಇಲ್ಲೇ ಬಿಟ್ಟುಹೋದೆ. ನಾನು ಅದನ್ನೇ ಹಿಡಿದುಕೊಂಡು, ಎಲ್ಲವೂ ಅಪ್ಪನ ಆಸ್ತಿ, ಅರ್ಧ ನನ್ನದು ಎಂದು ದಾವೆ ಹಾಕಿದೆ. ನಿನ್ನ ಹತ್ತಿರ ಕಾಗದಪತ್ರವಿಲ್ಲ ಎಂದು ನನಗೆ ಗೊತ್ತಿತ್ತು.

ಅದು ಕೊಳೆಯಲ್ಲ, ಬಾಗಿನದ ಗುರುತು ಎಂದು ಪಾಷಾ ಅವರಿಗೆ ಹೇಳಿದೆ. ಅವರು ಪೆನ್ನು ಮುಚ್ಚಿ, "ಹಂಗಾದ್ರೆ ಇವು ಮಗಳ್ದೇ ಅಲ್ವಾ?" ಅಂದರು. ಹೌದು ಅಂದೆ.

ಇವತ್ತು ಮೇಯೋ ಹಾಲ್ ಕೋರ್ಟಿಗೆ ಹೋಗಿ, ಅಪ್ಪ ಇವನ್ನು ಬದುಕಿದ್ದಾಗಲೇ ನಿನಗೆ ಕೊಟ್ಟಿದ್ದರೆಂದು ಬರೆದುಕೊಟ್ಟೆ. ನನ್ನ ಲಾಯರ್ ಜಗದೀಶ್ ತಲೆ ಚಚ್ಚಿಕೊಂಡರು. ಚಚ್ಚಿಕೊಳ್ಳಲಿ. ನೀನು ಬಂದು ತೆಗೆದುಕೊಂಡು ಹೋಗು. ಊಟ ಮಾಡದೆ ಮಾತ್ರ ಹೋಗಬೇಡ.

ನಿನ್ನ ಮೊಂಡ ತಮ್ಮ,
ವಿಕ್ರಮ್

ತಾ.ಕ.: ನನಗೆ ದುಡ್ಡು ಬೇಕಿರಲಿಲ್ಲ. ಗಂಡುಮಕ್ಕಳಿಗೆ ಬಾಗಿನವಿಲ್ಲ ನೋಡು, ಅಪ್ಪ ನನಗೆ ಅಂತ ಒಂದೇ ಒಂದು ಚಿತ್ರವನ್ನೂ ಕೊಡಲಿಲ್ಲ. ಅವರಿದ್ದಾಗ ಬಾಯಿಬಿಟ್ಟು ಕೇಳಲು ನಾಚಿಕೆಯಾಯಿತು, ಕೋರ್ಟಿನಲ್ಲಿ ಕೇಳುವುದೇ ಸುಲಭ ಅನ್ನಿಸಿತು. ಪಾಷಾ ಅವರು ಎಲ್ಲಕ್ಕಿಂತ ಕಡಿಮೆ ಬೆಲೆ ಕಟ್ಟುವಂಥದ್ದಾದರೂ ಸರಿ, ಒಂದನ್ನು ನನಗೆ ಕೊಡುತ್ತೀಯಾ ಅಕ್ಕಾ?