ಕೂದಲೆಳೆಯಷ್ಟು ತಡ

ಮಾರ್ಚ್ 12, ಗುರುವಾರ

ಮತ್ತೆ ಬಟಾಣಿ ಸೂಪು, ಪ್ಯಾನ್‌ಕೇಕು. ನಮ್ಮ ದೇಶದಲ್ಲಿ ಗುರುವಾರ ಅಂದರೆ ಅದೇ. ಆಲ್ವಾರ್ ಎರಡು ತಟ್ಟೆ ಬಾರಿಸಿ ಸ್ಟುಡಿಯೋದ ಸೋಫಾ ಮೇಲೆ ಗೊರಕೆ. ನಮ್ಮ ಡ್ಯಾನ್ಸ್ ಬ್ಯಾಂಡಿನ ಯಜಮಾನ — ಗೊರಕೆಯೂ ತಾಳ ತಪ್ಪುವುದಿಲ್ಲ.

ನಮ್ಮ ಮುಖ್ಯ ಗಾಯಕಿ ಇಂಗೆಲಾಳ ಹಾಡು ಮೇಲ್‌ನಲ್ಲಿ ಬಂತು. ಹಿಮದಲ್ಲಿ ಜಾರಿ ಸೊಂಟ ಮುರಿದುಕೊಂಡ ಮೇಲೆ ಮಹಾರಾಣಿ ಇಲ್ಲಿಗೆ ಬರುತ್ತಿಲ್ಲ. ಅವಳ ಅಳಿಯ ಮನೆಯಲ್ಲೇ ಮೈಕು, ಕಂಪ್ಯೂಟರು ಜೋಡಿಸಿಕೊಟ್ಟಿದ್ದಾನೆ. ನಾವು ಸಂಗೀತ ಕಳಿಸುವುದು, ಅವಳು ಅದನ್ನು ಕೇಳಿಸಿಕೊಂಡು ಹಾಡಿ ಬರೀ ದನಿ ವಾಪಸು ಕಳಿಸುವುದು, ನಾನು ಅದನ್ನು ನಮ್ಮ ಸಾಫ್ಟ್‌ವೇರಿಗೆ ತಂದು ಕೂರಿಸುವುದು. ಇಪ್ಪತ್ತು ವರ್ಷ ಅವಳ ಬೆನ್ನ ಹಿಂದೆ ನಿಂತು 'ಊ... ಆ...' ಅಂದದ್ದು ಸಾಲದೆ ಈಗ ಅವಳ ದನಿಗೆ ದಾದಿಯ ಕೆಲಸ.

ಕೂರಿಸಿದೆ. ಕೇಳಿದೆ. ತಡ. ಪ್ರತಿ ಮಾತೂ ತಾಳಕ್ಕಿಂತ ಕೂದಲೆಳೆಯಷ್ಟು ಹಿಂದೆ. ಜೋಡಿಗಳು ಇದಕ್ಕೆ ಕುಣಿದರೆ ಒಬ್ಬರ ಕಾಲು ಒಬ್ಬರು ತುಳಿದಾರು.

ಮಾರ್ಚ್ 13

ಸಿಕ್ಕಿತು. ತಪ್ಪು ಅವಳದ್ದಲ್ಲ. ನಾನು ಕಳಿಸಿದ ಎಂಪಿತ್ರೀಯದ್ದು.

ಪೂರ್ತಿ ಫೈಲು ಭಾರ, ಮೇಲ್‌ನಲ್ಲಿ ಹೋಗುವುದಿಲ್ಲ ಅಂತ ಕುಗ್ಗಿಸಿ ಎಂಪಿತ್ರೀ ಮಾಡಿದ್ದೆ. ಹಾಗೆ ಮಾಡುವಾಗ ಹಾಡಿನ ತಲೆಗೆ ಒಂದಿಷ್ಟು ಮೌನ ಅಂಟಿಕೊಂಡಿದೆ — ರೆಪ್ಪೆ ಬಡಿಯುವಷ್ಟೂ ಇಲ್ಲ. ಅವಳ ಸಾಫ್ಟ್‌ವೇರು ಆ ಮೌನವನ್ನೂ ಸೇರಿಸಿ ನುಡಿಸಿದೆ. ಅವಳು ಅದಕ್ಕೆ ಸರಿಯಾಗಿ ಹಾಡಿದ್ದಾಳೆ. ನಮ್ಮ ಮೂಲ ಸಂಗೀತದಲ್ಲಿ ಆ ಮೌನ ಇಲ್ಲ. ಹಾಗಾಗಿ ಇಲ್ಲಿಗೆ ತಂದಾಗ ದನಿ ಹಿಂದೆ ಬೀಳುತ್ತದೆ, ಮೊದಲಿಂದ ಕೊನೆಯವರೆಗೂ ಒಂದೇ ಅಳತೆ. ಮನುಷ್ಯರು ತಪ್ಪಿದರೆ ಒಮ್ಮೆ ಮುಂದೆ, ಒಮ್ಮೆ ಹಿಂದೆ. ಹೀಗೆ ಒಂದೇ ಅಳತೆಯಲ್ಲಿ ತಪ್ಪುವುದು ಯಂತ್ರ ಮಾತ್ರ.

ದನಿಯನ್ನು ಅಷ್ಟೇ ಮುಂದಕ್ಕೆ ಎಳೆದೆ. ಕಾಫಿ ಬಗ್ಗಿಸುವಷ್ಟು ಹೊತ್ತಿನ ಕೆಲಸ. ಕೇಳಿದೆ... ದೇವರೇ. ಐವತ್ತೆಂಟರ ಹೆಂಗಸು ಹೀಗೆ ಹಾಡಬಾರದು. ಅಳು ಬಂತು. ಹೊಟ್ಟೆಕಿಚ್ಚಿನ ಅಳು, ಬೇರೇನೂ ಅಲ್ಲ.

ಸೋಮವಾರ ಎಲ್ಲರಿಗೂ ಕೇಳಿಸಬೇಕು.

ಮಾರ್ಚ್ 16

ಕೇಳಿಸಿದೆ. ಸರಿಮಾಡಿದ್ದನ್ನಲ್ಲ. ಮೊದಲು ಬಂದದ್ದನ್ನೇ ಹಾಕಿದೆ. ಯಾಕೋ... ನೋಡೋಣ ಏನನ್ನುತ್ತಾರೆ ಅಂತ.

ಡ್ರಮ್ಮಿನ ಸ್ಟಿಗ್ ಮೊದಲ ಸಾಲಿಗೇ ಮುಖ ಕಿವುಚಿದ. "ಇದೇನಿದು? ಕೆಸರಲ್ಲಿ ಹಸು ನಡೆದಂಗಿದೆ!"

ಆಲ್ವಾರ್ ನಗಲಿಲ್ಲ. "ಅವಳಮ್ಮಂಗೂ ಹಿಂಗೇ ಶುರುವಾಗಿದ್ದು. ಚರ್ಚಲ್ಲಿ ಆರ್ಗನ್ ನುಡಿಸ್ತಿದ್ಲಲ್ಲ... ಮೊದ್ಲು ತಾಳ ಹೋಯ್ತು, ಆಮೇಲೆ ಕೈನಡುಕ, ಆಮೇಲೆ ಗಾಲಿಕುರ್ಚಿ. ಪಾರ್ಕಿನ್ಸನ್." ನನ್ನ ಕಡೆ ತಿರುಗಿದ. "ಮೈಲಿಸ್, ಇದನ್ನ ಹಿಡಿದು ಮುಂದಕ್ಕೆ ತಳ್ಳಕ್ಕಾಗಲ್ವೇನೇ?"

"ಒಂದೊಂದು ಸಾಲು ಒಂದೊಂದು ಥರ ಜಾರಿದೆ. ತಳ್ಳಿದ್ರೆ ಇನ್ನೂ ಹದಗೆಡುತ್ತೆ."

ಬಾಯಿಂದ ತಾನಾಗಿ ಬಂತು. ಇಲ್ಲ, ತಾನಾಗಿ ಬರಲಿಲ್ಲ. ಈ ಡೈರಿಯಲ್ಲೂ ಯಾರಿಗೆ ಸುಳ್ಳು ಹೇಳಲಿ.

ಎದ್ದು ಬಂದು ಕಂಪ್ಯೂಟರಿನ ಪರದೆ ನೋಡಿದ್ದರೆ ಯಾರಿಗಾದರೂ ತಿಳಿಯುತ್ತಿತ್ತು. ಯಾರೂ ಏಳಲಿಲ್ಲ. ಹಿಂದಿನ ಸಾಲಿನ ಹೆಂಗಸು ಏನು ಮಾಡುತ್ತಾಳೆಂದು ಯಾರು ನೋಡುತ್ತಾರೆ? ಆ ಒಂದು ಉಪಕಾರ ಇಪ್ಪತ್ತು ವರ್ಷದಿಂದ ಮಾಡಿಕೊಂಡೇ ಬಂದಿದ್ದಾರೆ.

ಮಾರ್ಚ್ 20

ಇಂಗೆಲಾಳ ಫೋನು. ಹಾಡು ತಾಳಕ್ಕಿಂತ ಹಿಂದೆ ಬೀಳುತ್ತಿದೆ ಅಂತ ಆಲ್ವಾರ್ ಅವಳಿಗೆ ಹೇಳಿದ್ದ. ಸ್ಪೀಕರಿಗೆ ಹಾಕಿದೆ.

"ಸಂಗೀತ ಇನ್ನೊಂದ್ಸಲ ಕಳಿಸೇ ಮೈಲಿಸ್. ನನ್ನ ಕಂಪ್ಯೂಟ್ರಲ್ಲೇ ಏನೋ ಎಡವಟ್ಟಿರ್ಬೇಕು. ನನ್ನ ಕಿವಿಗೆ ಎಲ್ಲಾ ಸರಿಯಾಗೇ ಕೇಳಿಸ್ತಿದೆ ಕಣೇ."

ಸ್ಟಿಗ್ ಪಿಸುಗುಟ್ಟಿದ — "ಕುಣೀಲಾರದವಳು ನೆಲ ಡೊಂಕು ಅಂದ್ಲಂತೆ." ಅವನ ಪಿಸುಮಾತು ಪಕ್ಕದ ಬೀದಿಗೂ ಕೇಳುತ್ತದೆ. ಇಂಗೆಲಾಳಿಗೂ ಕೇಳಿಸಿತು.

"...ಸರಿ. ಕಳಿಸು" ಅಂದಳು.

ಕಳಿಸಿದೆ. ಅದೇ ಎಂಪಿತ್ರೀ.

ಏಪ್ರಿಲ್ 2

ಮತ್ತೆ ಮತ್ತೆ ಹಾಡಿ ಕಳಿಸುತ್ತಿದ್ದಾಳೆ. ಎಲ್ಲವೂ ಅಷ್ಟೇ ತಡ. ಇವತ್ತು ಬಂದದ್ದು ಮಾತ್ರ ಬೇರೆ. ತಡವಾಗುತ್ತಿದೆ ಅಂತ ಹೇಳಿದ್ದಾರಲ್ಲ, ಹೆದರಿ ಬೇಕೆಂದೇ ಮುಂದೆ ಓಡಿದ್ದಾಳೆ. ಒಂದು ಸಾಲು ಮುಂದೆ, ಒಂದು ಹಿಂದೆ, ಉಸಿರು ಎಲ್ಲೆಲ್ಲೋ. ಈಗ ನಿಜಕ್ಕೂ ತಪ್ಪಿದ್ದಾಳೆ. ನನ್ನ ಸುಳ್ಳನ್ನು ಅವಳೇ ನಿಜ ಮಾಡಿಕೊಟ್ಟಳು.

ಸರಿಮಾಡಿಟ್ಟ ಆ ಮೊದಲ ಹಾಡನ್ನು ಅಳಿಸಿಹಾಕಿದೆ. ಇಂಥ ವಸ್ತುವನ್ನು ಮನೆಯಲ್ಲಿ ಇಟ್ಟುಕೊಳ್ಳಬಾರದು.

ಏಪ್ರಿಲ್ 18

ಆಲ್ವಾರ್ ಬಾದಾಮಿ ಹಿಟ್ಟಿನ ಹಸಿರು ಮಾರ್ಜಿಪಾನ್ ಹೊದಿಸಿದ ದೊಡ್ಡ ಕೇಕು ಹಿಡಿದು ಇಂಗೆಲಾಳ ಮನೆಗೆ ಹೋಗಿ ಬಂದ. ಅದನ್ನು ನೋಡಿದಾಗಲೇ ಬ್ಯಾಂಡು ತನ್ನನ್ನು ಕೈಬಿಟ್ಟಿತೆಂದು ಅವಳಿಗೆ ಅರ್ಥವಾಗಿರಬೇಕು. ಹುಟ್ಟುಹಬ್ಬವಿಲ್ಲದೆ ಅಂಥ ಕೇಕು ತಂದರೆ ಅದು ತಿಥಿಯೇ.

"ಅಳಲಿಲ್ಲ ಕಣೇ" ಅಂದ. "ಡಾಕ್ಟ್ರ ಹತ್ರ ಹೋಗಿದ್ಲಂತೆ. ಏನೂ ಇಲ್ಲ ಅಂದ್ರಂತೆ. ಅದಕ್ಕೆ ಅವಳು, 'ಅಮ್ಮಂಗೂ ಮೊದ್ಲು ಏನೂ ಇಲ್ಲ ಅಂತಾನೇ ಅಂದಿದ್ರು' ಅಂತಾಳೆ." ಮೂಗೊರೆಸಿಕೊಂಡ. "ಈ ಬೇಸಿಗೆಗೆ ನೀನು ಹಾಡ್ಬಿಡು. ಹಾಡೆಲ್ಲ ನಿಂಗೆ ಬರುತ್ತಲ್ಲ?"

ಬರುತ್ತಲ್ಲ! ಬರೆದಿಡುತ್ತೇನೆ: ಸಂತೋಷವಾಯಿತು. ತುಂಬಾ.

ಮೇ 30, ಶನಿವಾರ

ಪಾರ್ಕಿನಲ್ಲಿ ಈ ಬೇಸಿಗೆಯ ಮೊದಲ ಕುಣಿತ. ಕೆಂಪು ಉಡುಪು. ಮುಂದಿನ ಮೈಕು. ಒಂದೂ ತಾಳ ತಪ್ಪಲಿಲ್ಲ. ಬೇಕಾದರೆ ಅಳೆದು ನೋಡಲಿ.

ಬಿಡುವಿನಲ್ಲಿ ಸಾಸೇಜು ತಿನ್ನುತ್ತಿದ್ದ ಮುದುಕನೊಬ್ಬ ಹತ್ತಿರ ಬಂದ. ಹೊಗಳುತ್ತಾನೆ ಅಂದುಕೊಂಡೆ. "ಇಂಗೆಲಾ ಯಾವಾಗ ವಾಪಸ್ ಬರ್ತಾಳಮ್ಮಾ?"

ಬರಲ್ಲ ಅಂದೆ. "ಛೆ" ಅಂದ. ಕೋಟು ತೊಟ್ಟು, ಹೆಂಡತಿಯನ್ನು ಕರೆದುಕೊಂಡು ಹೊರಟೇ ಹೋದ.

ಜೂನ್ 7, ಭಾನುವಾರ

ಇಂಗೆಲಾ ಬಂದಿದ್ದಳು. ಊರುಗೋಲು ಹಿಡಿದು, ಬಸ್ಸಿನಲ್ಲಿ. ಸೊರಗಿದ್ದಾಳೆ. ಕಾಫಿ ಕೊಟ್ಟೆ, ಕುಡಿಯಲಿಲ್ಲ.

"ಮನೇಲೂ ಹಾಡ್ತಿಲ್ಲ ಕಣೇ. ಪಾತ್ರೆ ತೊಳೀವಾಗ್ಲೂ ಇಲ್ಲ. ಬಾಯಿ ತೆಗೆದ್ರೆ ಭಯ ಆಗುತ್ತೆ. ಅಮ್ಮ ಕುರ್ಚೀಲಿ ಕೂತಿದ್ದು ಕಣ್ಮುಂದೆ ಬರುತ್ತೆ." ಕೈ ಹಿಡಿದುಕೊಂಡಳು. "ಡಾಕ್ಟ್ರು ಇಲ್ಲ ಅಂತಾರೆ, ಮಗಳು ಇಲ್ಲ ಅಂತಾಳೆ. ನಾನು ನಂಬೋದು ನಿನ್ನ ಕಿವಿ ಒಂದನ್ನೇ. ಯಂತ್ರ ಗಿಂತ್ರ ಬೇಡ. ನೀನು ಮೇಜು ತಟ್ಟು, ನಾನು ಹಾಡ್ತೀನಿ. ನೀನು ಹೇಳಿದ್ದಕ್ಕೆ ನಾನು ಒಪ್ಕೋತೀನಿ."

ತಟ್ಟಿದೆ. ಹಾಡಿದಳು.

ಸರಿಯಾಗಿ ಹಾಡಿದಳು. ಅಂಚಿಗೆ ಅಂಚು ಕೂಡಿಸಿ ಮಡಚಿದ ಬಟ್ಟೆಯ ಹಾಗೆ. ಮುಖಕ್ಕೆ ಕಳೆ ಬಂತು, ಬೆನ್ನು ನೆಟ್ಟಗಾಯಿತು. ಇನ್ನೊಂದು ಸಾಲು ಹಾಡಲು ಬಿಟ್ಟಿದ್ದರೆ ತಾಳ ತಪ್ಪಿಲ್ಲ ಅಂತ ಅವಳಿಗೇ ತಿಳಿದುಬಿಡುತ್ತಿತ್ತು.

ಆಗ ನನ್ನ ಬೆರಳು ತುಸು ಬೇಗ ಬೀಳತೊಡಗಿತು. ಬೆರಳಲ್ಲ. ನಾನು. ಪ್ರತಿ ಸಲವೂ ಅವಳಿಗಿಂತ ಮುಂಚೆ, ಒಂದೇ ಅಳತೆಯಲ್ಲಿ. ಅವಳಿಗೆ ಕೇಳಿಸಿತು. ಹಾಡು ನಿಂತಿತು.

"ಹಿಂದೆ ಬಿದ್ದೆ, ಅಲ್ವಾ?"

"ಸ್ವಲ್ಪ."

ಬಗ್ಗಿ ತಬ್ಬಿಕೊಂಡಳು. ಗಟ್ಟಿಯಾಗಿ. "ನೀನೊಬ್ಳೇ ನಿಜ ಹೇಳ್ದೆ. ಉಳಿದೋರು ಕೇಕ್ ತಂದ್ರು."

ಬಾಗಿಲ ಹತ್ತಿರ ಶೂ ಹಾಕಿಕೊಳ್ಳುವಾಗ ಅಭ್ಯಾಸಬಲದಿಂದ ಏನೋ ಗುನುಗಿದಳು. ಅರ್ಧ ಸಾಲೂ ಆಗಿರಲಿಲ್ಲ. ಗಕ್ಕನೆ ಅಂಗೈಯಿಂದ ಬಾಯಿ ಮುಚ್ಚಿಕೊಂಡಳು. ಕ್ಷಮೆ ಕೇಳುವವಳ ಹಾಗೆ ನನ್ನತ್ತ ನೋಡಿದಳು. ನಾನು ಊರುಗೋಲು ಎತ್ತಿಕೊಟ್ಟು, ಪರವಾಗಿಲ್ಲ ಬಿಡು ಅಂದೆ.